ಸೀತಾಫಲ ಬಿಡಿಸಿದ ಕೈ

ಮರಿಲಿಂಗಮ್ಮ ಒಂದು ಕಡೆ ಕುಳಿತದ್ದನ್ನು ನಾನು ಇಪ್ಪತ್ತೆರಡು ವರ್ಷದಲ್ಲಿ ನೋಡಿರಲಿಲ್ಲ. ಶಹಾಪುರದ ಬಸ್ ನಿಲ್ದಾಣದ ಎದುರಿಗೆ ನನ್ನ ಬೇಕರಿ, ಪಕ್ಕದ ಬೇವಿನ ಮರದ ಕೆಳಗೆ ಆಕೆಯ ಬುಟ್ಟಿ. ಬುಟ್ಟಿ ನೆಲದ ಮೇಲಿರುತ್ತಿತ್ತು, ಆಕೆ ಅದರ ಸುತ್ತ ತಿರುಗುತ್ತಿದ್ದಳು. ಗೋಗಿಯ ಆಟೊ ಬಂದರೆ ಅತ್ತ, ಸುರಪುರದ ಬಸ್ ಬಂದರೆ ಇತ್ತ. ದೀಪಾವಳಿಗೆ ಮುಂಚಿನ ದಿನಗಳಲ್ಲಿ ಗುಡ್ಡದ ಸೀತಾಫಲ ತರುತ್ತಿದ್ದಳು. ಒಳ್ಳೆಯ ಹಣ್ಣು ಮಾರಲಿಕ್ಕೆ, ಒಡೆದದ್ದು ಮತ್ತು ಹಕ್ಕಿ ಕುಕ್ಕಿದ್ದು ತನಗೆ. "ಒಂದರೆ ಚೊಲೊ ಹಣ್ಣು ತಿನ್ನು ಆಯಿ" ಎಂದರೆ, "ಅದು ಮಾರೂದೋ ಮುಜಫರ" ಎಂದು ಮತ್ತೆ ಬಸ್ಸಿನ ಕಡೆ ಓಡುವಳು.

ಆಕೆಯ ಊರಿನವರೇ ಆದ ಭಗವಂತರಾಯರು, ಅವರ ಹೆಂಡತಿ ಅಂಬವ್ವ ಪ್ರತಿ ವರ್ಷ ಎರಡು ಡಜನ್ ಒಯ್ಯುತ್ತಿದ್ದರು. ಟವೆಲ್ ಹಿಡಿದು ನಿಲ್ಲುವರು, ಈಕೆ ಮೇಲಿಂದ ಹಣ್ಣು ಬಿಡುವಳು. ಆದರೆ ರುಚಿ ತೋರಿಸಲೆಂದು ಒಂದು ಹಣ್ಣು ಬಿಡಿಸಿ ಕೊಟ್ಟರೆ ಮಾತ್ರ ಇಬ್ಬರೂ ಬೇರೆ ಕಡೆ ನೋಡುವರು. ಸಿಪ್ಪೆಯೊಳಗಿನ ಹಣ್ಣಿಗೆ ಮೈಲಿಗೆಯಿಲ್ಲ, ಆಕೆ ಬಿಡಿಸಿದ ತೊಳೆಗೆ ಉಂಟು. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿತರೋ ನನಗೆ ತಿಳಿಯದು. ನಾನೂ ಇಷ್ಟು ವರ್ಷ ನೋಡಿ ಸುಮ್ಮನಿದ್ದೆ ಅನ್ನುವುದನ್ನೂ ಹೇಳಿಬಿಡಬೇಕು.

ಹೋದ ವರ್ಷ ಜುಲೈನಲ್ಲಿ ಆಕೆಯ ಮಗ ಜೈಭೀಮ ಅಂಗಡಿಗೆ ಬಂದ. ಜೊತೆಗೆ ಅವನ ಮಗಳು ದಾನೇಶ್ವರಿ, ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ಕ್ಲರ್ಕ್. ಆಕೆಗೆ ಗೊತ್ತಾದ ಹುಡುಗ ಸುರಪುರದ ಪ್ರವೀಣಕುಮಾರ, ಮೇಷ್ಟ್ರು. ಮದುವೆಗೆ ಕೇಕು ಬೇಕು.

"ತಾರೀಖು ಯಾವಾಗ್ರಿ?" ಎಂದೆ.

"ನಾವು ಬೌದ್ಧರು, ಮುಹೂರ್ತ ನೋಡಂಗಿಲ್ಲ. ಐತವಾರ ಇದ್ರ ಆತು, ಎಲ್ಲಾರಿಗೂ ರಜಾ ಇರ್ತದ" ಎಂದ ಜೈಭೀಮ.

"ಹಂಗಾದ್ರ ಮೊದಲ ಕೇಕ್ ಆರಿಸೋಣ, ಆಮ್ಯಾಗ ತಾರೀಖು" ಎಂದಳು ಹುಡುಗಿ.

ಇಂಥ ಗಿರಾಕಿಯನ್ನು ನಾನು ಕಂಡಿರಲಿಲ್ಲ. ಯಾವ ತಿಂಗಳಿಗೆ ಯಾವ ಹಣ್ಣು ಎಂದು ಹೇಳುತ್ತ ಹೋದೆ. ಮಾವು ಮುಗಿಯಿತು. ನೇರಳೆ ಇನ್ನೊಂದು ವಾರ. ಅಕ್ಟೋಬರಿಗೆ ಸೀತಾಫಲ, ಜನವರಿಗೆ ಬಾರೆಹಣ್ಣು. ಸೀತಾಫಲ ಅನ್ನುತ್ತಲೇ ಆಕೆ ಕೈ ಎತ್ತಿ ನಿಲ್ಲಿಸಿದಳು. "ಅದೇ. ನನ್ನ ಸಾಲಿ ಪುಸ್ತಕ ಎಲ್ಲಾ ಆ ಬುಟ್ಟ್ಯಾಗಿಂದ ಬಂದಾವ. ಅಕ್ಟೋಬರ್ ಕಡೀ ಐತವಾರ ಮದಿವಿ." ತಾರೀಖು ಗೊತ್ತಾಯಿತು. ಮರಿಲಿಂಗಮ್ಮ ಆಗ ಬೇವಿನ ಮರದ ಕೆಳಗಿದ್ದಳು. ಒಳಗೆ ಬರಲಿಲ್ಲ.

ಮರುದಿನ ಬಂದಳು, ಒಬ್ಬಳೇ. ಒಂದು ಕಾಲು ಹೊಸ್ತಿಲ ಒಳಗೆ, ಒಂದು ಹೊರಗೆ. "ಮುಜಫರ, ಅನಾನಸಿಂದು ಮಾಡು. ಡಬ್ಬಿಯಾಗ ಬರ್ತದಲ್ಲ, ಅದು."

"ಮೊಮ್ಮಗಳು ಸೀತಾಫಲ ಅಂದಾಳ, ಆಯಿ."

"ಆಕಿ ಸಣ್ಣಾಕಿ. ಆಕಿಗೇನು ಗೊತ್ತು?" ಎಂದವಳೇ ಹೋದಳು. ಮೂರು ದಿನ ಬಿಟ್ಟು ಮತ್ತೆ ಬಂದಳು. ಆಗಸ್ಟಿನಲ್ಲಿ ನಾಲ್ಕು ಸಲ ಬಂದಳು. ಮೈದಾ ಕಲಸುತ್ತಿದ್ದ ನಾನು ಬಾಗಿಲಲ್ಲಿ ಆಕೆಯ ನೆರಳು ಕಂಡರೆ ಸಾಕು, ಒಲೆಯ ಕಡೆ ತಿರುಗಿಬಿಡುತ್ತಿದ್ದೆ. ಕೊನೆಗೊಮ್ಮೆ ನನಗೂ ಸಿಟ್ಟು ಬಂತು. "ಯಾಕ ಬ್ಯಾಡ, ಹೇಳು. ಇಲ್ಲಂದ್ರ ಬರಬ್ಯಾಡ" ಎಂದೆ.

ಆಕೆ ಸೆರಗಿನ ತುದಿಯನ್ನು ಹಿಂಡಿದಳು. "ಬೀಜ ಯಾರು ತಗೀತಾರ?"

ಅಲ್ಲಿತ್ತು ವಿಷಯ. ಸೀತಾಫಲಕ್ಕೆ ಬೆಂಕಿ ತಾಗಿದರೆ ಕಹಿ. ಮಿಕ್ಸರಿಗೆ ಹಾಕಿದರೆ ಬೀಜ ಒಡೆದು ಕೆಡುತ್ತದೆ. ತಿರುಳನ್ನು ಹಸಿಯಾಗಿ, ಕೈಯಿಂದಲೇ, ಅವತ್ತಿನ ಬೆಳಿಗ್ಗೆಯೇ ಬಿಡಿಸಬೇಕು. ಹನ್ನೆರಡು ಕಿಲೊ ಕೇಕಿಗೆ ಬೇಕಾಗುವಷ್ಟು ಗುಡ್ಡದ ಹಣ್ಣನ್ನು ಬೀಜ ಉಳಿಯದಂತೆ ಬಿಡಿಸುವ ಕೈ ಈ ಶಹಾಪುರದಲ್ಲಿ ಒಂದೇ ಇತ್ತು. ದಾನೇಶ್ವರಿ ಆ ಕೈಯನ್ನೇ ನಂಬಿದ್ದಳು.

"ಅಂಗಡಿ ಕೇಕ್ ಅಂದ್ರ ಊರ ಮಂದಿ ತಿಂತಾರ" ಎಂದಳು ಮರಿಲಿಂಗಮ್ಮ. "ನನ್ನ ಕೈ ಬಿದ್ದದ್ದು ತಿನ್ನಂಗಿಲ್ಲ. ಕೂಸಿನ ಮದಿವ್ಯಾಗ ತಾಟು ಹಂಗೇ ಉಳಿದ್ರ ನಾ ಹೆಂಗ ನೋಡ್ಲಿ?"

ಆಮೇಲೆ ದಾನೇಶ್ವರಿಗೆ ಹೇಳಿದೆ. ಆಕೆ ಅಜ್ಜಿಯ ಮುಂದೆ ಬಂದು ನಿಂತು, ಕೇಕು ಬದಲಾಗುವುದಿಲ್ಲ ಎಂದಳು. ಅಜ್ಜಿ ಒಂದು ಕರಾರು ಹಾಕಿದಳು: ಬಿಡಿಸಿದ್ದು ಯಾರು ಅನ್ನುವುದು ಹೊರಗೆ ಬೀಳಬಾರದು. ಹುಡುಗಿ ಹೂಂ ಅನ್ನಲಿಲ್ಲ, ಉಹುಂ ಅನ್ನಲೂ ಇಲ್ಲ. ಅದನ್ನು ಗಮನಿಸಿದ್ದು ನಾನೊಬ್ಬನೇ.

ಮದುವೆಯ ದಿನ ಬೆಳಿಗ್ಗೆ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಕೆ ನಿಂತೇ ಕೆಲಸ ಮಾಡಿದಳು. ಕೈಯನ್ನು ಸೋಪು ಹಚ್ಚಿ ಮೂರು ಸಲ ತೊಳೆದಳು, ನಡುನಡುವೆ ಮತ್ತೆ ತೊಳೆದಳು. ಬೆರಳುಗಳು ಸರಸರ ಓಡುತ್ತಿದ್ದವು, ಕಣ್ಣು ಬಾಗಿಲ ಮೇಲೆ. ಯಾರಾದರೂ ಬ್ರೆಡ್ ಕೇಳಲು ಬಂದ ಸದ್ದಾದರೆ ಪಾತ್ರೆಯ ಮೇಲೆ ಬಟ್ಟೆ ಎಳೆಯುವಳು. ಅರವತ್ತೆಂಟರ ಹೆಂಗಸು ಕಳ್ಳಿಯ ಹಾಗೆ ಹಣ್ಣು ಬಿಡಿಸುವುದನ್ನು ನೋಡಿ ನನಗೆ ನಾಚಿಕೆಯಾಯಿತು. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಒಲೆಯ ಮೇಲೆ ಸಿಟ್ಟಾದೆ.

ಮಂಟಪದಲ್ಲಿ ಪಂಚಶೀಲ ಹೇಳಿದರು, ಹಾರ ಬದಲಿಸಿದರು, ಕೇಕು ಕತ್ತರಿಸಿದರು. ಊರಿನವರು ಬಂದಿದ್ದರು, ಮುಂದಿನ ಸಾಲಿನಲ್ಲೇ ಕುಳಿತಿದ್ದರು. ತಾಟುಗಳು ಹಂಚಿಕೆಯಾದವು. ಆಗ ದಾನೇಶ್ವರಿ ಮೈಕು ತೆಗೆದುಕೊಂಡಳು.

"ಈ ಹಣ್ಣು ನಮ್ಮ ಗುಡ್ಡದ್ದು. ಬಿಡಿಸಿದಾಕಿ ನಮ್ಮ ಆಯಿ, ಮರಿಲಿಂಗಮ್ಮ. ಚಮಚ ಅಲ್ಲ, ಮಿಶನ್ ಅಲ್ಲ, ಆಕಿ ಕೈಲೇ ಬಿಡಿಸ್ಯಾಳ. ಗೊತ್ತಿದ್ದೇ ಹೇಳಾಕತ್ತೇನಿ. ಎಲ್ಲಾರೂ ತಿನ್ರಿ."

ಮರಿಲಿಂಗಮ್ಮ ಕಂಬದ ಹಿಂದೆ ಸರಿದಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಬಹಳ ಜನ ತಿಂದರು, ಅದು ನಿಜ. ಆದರೆ ಆಕೆ ತಿಂದವರನ್ನು ನೋಡಲಿಲ್ಲ. ಭಗವಂತರಾಯರು ತಾಟನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಇಟ್ಟರು. ಅಂಬವ್ವ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಗಂಡನ ಮುಖ ನೋಡುತ್ತಿದ್ದಳು.

ಮರಿಲಿಂಗಮ್ಮ ಕಂಬ ಬಿಟ್ಟು ಹೊರಟಳು. ಅಂಗಡಿಯ ಹೊಸ್ತಿಲಲ್ಲಿ ಒಂದು ಕಾಲು ಹೊರಗಿಡುತ್ತಿದ್ದವಳು ಮಂದಿಯ ನಡುವೆ ನೆಟ್ಟಗೆ ನಡೆದು ಅವರ ಮುಂದೆ ನಿಂತಳು.

"ಯಾಕ್ರೀ ಧಣೇರ, ತಿನ್ನಲಿಲ್ಲ?"

"ಸಕ್ರಿ ಕಾಯಿಲೆ ಅದವ್ವಾ ನನಗ" ಎಂದರು ಅವರು. ಹಿಂದಿನ ಸಂಜೆಯೇ ನನ್ನ ಅಂಗಡಿಯಲ್ಲಿ ಅರ್ಧ ಕಿಲೊ ಬಾದೂಷಾ ಕಟ್ಟಿಸಿಕೊಂಡಿದ್ದ ಮನುಷ್ಯ.

ಆಕೆ ವಾದಿಸಲಿಲ್ಲ. ಬಗ್ಗಿ ಕುರ್ಚಿಯ ಕೆಳಗಿನ ತಾಟು ತೆಗೆದುಕೊಂಡಳು. ಅವರ ಪಕ್ಕದ ಕುರ್ಚಿ ಖಾಲಿಯಿತ್ತು. ಅದರಲ್ಲಿ ಕುಳಿತಳು, ಬೆನ್ನು ಆನಿಸಿ. ಆಮೇಲೆ ಆ ತುಂಡನ್ನು ಕೈಯಿಂದ ಮುರಿದು ಬಾಯಿಗಿಟ್ಟಳು. ನಿಧಾನವಾಗಿ ತಿಂದಳು. ಬೆರಳು ನೆಕ್ಕಿದಳು. ಭಗವಂತರಾಯರಿಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ. ಅಂಬವ್ವ ಗಂಡನ ಮುಖ ನೋಡುವುದನ್ನು ಬಿಟ್ಟು ತನ್ನ ತಾಟಿಗೆ ಕೈ ಹಾಕಿದಳು.

ನಾನು ಓಡಿಹೋದೆ. "ಹೆಂಗದ ಆಯಿ?"

ಮರಿಲಿಂಗಮ್ಮ ಖಾಲಿ ತಾಟನ್ನು ನೋಡಿದಳು. ಆಕೆಯ ಕಣ್ಣುಗಳು ತುಂಬಿದ್ದವು, ಮುಖದಲ್ಲಿ ಮಾತ್ರ ಸಿಟ್ಟು.

"ಇಷ್ಟು ಚೊಲೊ ಹಣ್ಣೇನೋ ಮುಜಫರ!" ಎಂದಳು. "ನಲವತ್ತು ವರ್ಷ ಎಲ್ಲಾ ಇವರಿಗೇ ಮಾರಿಬಿಟ್ಟೆನಲ್ಲೋ."