ಮೂರೂರ ಗಡಿಯಿಂದ ಬಂದ ಸರಪಳಿ

ಅಮೀರ್ ಅಲಿಯವರ ಹೆಸರು ನಾನು ಮೊದಲು ಕೇಳಿದ್ದು ಅತ್ತೆಯ ಬೈಗುಳದಲ್ಲಿ. ತೆಂಗಳಿಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನಿಜಾಮರ ಕಾಲ. ಹೊಲ ಅಳೆಯಲು ಚಿತ್ತಾಪುರದಿಂದ ಅವರನ್ನು ಕರೆಸುತ್ತೇನೆಂದು ನಮ್ಮ ಮನೆಯವರು ಹೇಳಿದ್ದೇ ತಡ, ಅತ್ತೆ ಮಹಾದೇವಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಆ ಮುದುಕನ್ನ ಯಾಕ ಕರೀತಿ? ಒಂದು ಬದು ತೋರ್ಸು ಅಂದ್ರ ಊರೆಲ್ಲಾ ಅಳೀತಾನಂತ. ಎರಡು ದಿನದ ಕೂಲಿ ದಂಡ."

ನಮಗೆ ಬೇರೆ ದಾರಿ ಇರಲಿಲ್ಲ. ಬದುವಿನ ಮೇಲಿನ ಗಡಿಕಲ್ಲು ತೋರಿಸಿ, ಬಾವಿ ತನ್ನದೆಂದು ಪಕ್ಕದ ಹೊಲದ ಗುರುಲಿಂಗಪ್ಪ ಹಟ ಹಿಡಿದಿದ್ದ. ಆ ಬಾವಿ ಹೋದರೆ ನಮ್ಮ ಎತ್ತುಗಳಿಗೂ ನೀರಿಲ್ಲ, ಮೆಣಸಿನಗಿಡಕ್ಕೂ ಇಲ್ಲ.

ಅಮೀರ್ ಅಲಿ ಬಂದರು. ಬಿಳಿ ಗಡ್ಡ, ಹೆಗಲ ಮೇಲೆ ಅಳೆಯುವ ಕಬ್ಬಿಣದ ಸರಪಳಿ, ಬಗಲಲ್ಲಿ ರೊಟ್ಟಿಗಂಟು. ನಮ್ಮ ಮನೆಯ ಊಟ ಕೇಳಲಿಲ್ಲ. "ಖಾರ ಇದ್ರ ಇಷ್ಟು ಕೊಡವ್ವಾ" ಎಂದು ನನ್ನ ಹಸಿಮೆಣಸಿನಕಾಯಿ ಚಟ್ನಿ ಇಸಿದುಕೊಂಡು, ಬೇವಿನ ನೆರಳಲ್ಲಿ ಕೂತು ಬೆವರುತ್ತ ತಿಂದರು.

ಆಮೇಲೆ ಬದುವಿನ ಕಲ್ಲಿನತ್ತ ತಿರುಗಿಯೂ ನೋಡದೆ, ಮೂರು ಊರಿನ ಗಡಿ ಕೂಡುವ ದಿಬ್ಬದ ಕಡೆ ಹೊರಟರು. ಅಲ್ಲಿಯ ದೊಡ್ಡ ಗಡಿಕಲ್ಲು ಒಂದು ಮೈಲು ದೂರ.

"ಸಾಹೇಬ್ರ, ಜಗಳ ಇಲ್ಲಿ ಅದ. ನೀವು ಅಲ್ಲಿಗಿ ಹೊಂಟೀರಿ" ಎಂದರು ನಮ್ಮವರು.

"ಇಲ್ಲಿ ಜಗಳ ಅದ ಅಂತೇ ಅಲ್ಲಿಂದ ಅಳಕೋತ ಬರ್ತೀನಿ. ಗುರುಲಿಂಗಪ್ಪ, ಸರಪಳಿದು ಈ ತುದಿ ನೀ ಹಿಡಿ."

"ನನಗ್ಯಾಕ ಬಿಟ್ಟಿ ಚಾಕರಿ?"

"ಇಲ್ಲಂದ್ರ ನಾಳಿ ಸರಪಳಿ ಎಳದಾಡ್ಯಾರ ಅಂತ ನೀನೇ ಅಂತಿ."

ಒಂದು ತುದಿ ನಮ್ಮವರು, ಇನ್ನೊಂದು ತುದಿ ಗುರುಲಿಂಗಪ್ಪ. ಎರಡು ದಿನ ಕಂಡವರ ಹೊಲವೆಲ್ಲ ಅಳೆದರು. ಗುರುಲಿಂಗಪ್ಪನ ಅಂಗೈಯಲ್ಲಿ ಬೊಕ್ಕೆ ಎದ್ದವು. ಅತ್ತೆ ಮಾತ್ರ ಬದುವಿನ ಮೇಲೆ ಕೂತು ಅಲ್ಲಿನ ಗಡಿಕಲ್ಲನ್ನೇ ನೋಡುತ್ತಿದ್ದರು.

ಎರಡನೆಯ ದಿನ ಮಧ್ಯಾಹ್ನ ಸರಪಳಿ ನಮ್ಮ ಹೊಲಕ್ಕೆ ಬಂತು. ಗುರುಲಿಂಗಪ್ಪ ತೋರಿಸಿದ ಕಲ್ಲಿಗಿಂತ ಎಂಟು ಮೊಳ ಮುಂದೆ, ಅವನ ಹೊಲದ ಕಡೆ, ಬಾವಿಯನ್ನೂ ದಾಟಿ ನಿಂತಿತು.

"ಇಲ್ಲಿ ಅಗೀರಿ" ಎಂದರು ಅಮೀರ್ ಅಲಿ.

ಹಿಂದೆ ಅಳೆದವರು ಗಡಿಕಲ್ಲು ನೆಡುವ ಮುಂಚೆ ತಳದಲ್ಲಿ ಇದ್ದಿಲು ಹಾಕುತ್ತಿದ್ದರು. ಕಲ್ಲು ಕಿತ್ತರೂ ಇದ್ದಿಲು ಅಲ್ಲೇ ಉಳಿಯುತ್ತದೆ. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಅದು ಸಿಕ್ಕಿತು. ಗುರುಲಿಂಗಪ್ಪ ಒಂದು ಚೂರು ಎತ್ತಿ ನೋಡಿದ. ಅಳತೆ ತಪ್ಪೆನ್ನುವಂತಿರಲಿಲ್ಲ. ಸರಪಳಿ ಅವನ ಕೈಯಲ್ಲೇ ಇತ್ತಲ್ಲ.

ಆಗ ಅತ್ತೆ ಬಾಯಿಬಿಟ್ಟರು. "ಇಲ್ಲಿಂದ ಕಲ್ಲ ನಾನೇ ಒಯ್ದೀನ್ರಿ. ಬಟ್ಟಿ ಒಗ್ಯಾಕ ಭಾಳ ಚೊಲೊ ಇತ್ತು. ಅದರ ಬದಲಿಗಿ ಅಂದಾಜಿನ ಮ್ಯಾಲ ಅಲ್ಲೊಂದು ಪರಸಿಕಲ್ಲು ನೆಟ್ಟಿದ್ದೆ."

ನಮ್ಮದು ಹಾಸುಗಲ್ಲಿನ ಸೀಮೆ. ಎಲ್ಲಿ ಯಾವ ಕಲ್ಲು ನಿಂತರೂ ಯಾರಿಗೂ ಸಂಶಯ ಬರುವುದಿಲ್ಲ.

ಅಮೀರ್ ಅಲಿ ನಕ್ಕುಬಿಟ್ಟರು. "ಮನಿ ಹತ್ರದ ಕಲ್ಲಿಗಿ ಕಾಲು ಬರ್ತಾವ್ರಿ. ದಿಬ್ಬದ ಕಲ್ಲ ಯಾವ ಅತ್ತಿನೂ ಎತ್ತಂಗಿಲ್ಲ."

ಕೂಲಿ ಕೊಡುವಾಗ ನಮ್ಮವರು ತಕರಾರು ಮಾಡಲಿಲ್ಲ. ಆದರೆ ಬಾವಿಯ ಸುತ್ತ ಮುಳ್ಳುಬೇಲಿ ಹಾಕುತ್ತೇನೆಂದರು. ಗುರುಲಿಂಗಪ್ಪ ತಲೆ ತಗ್ಗಿಸಿ ಮನೆಗೆ ಹೋದ. ಅವನ ಹೆಂಡತಿ ಭಾಗಮ್ಮ ದಿನವೂ ಅದೇ ಬಾವಿಯ ನೀರು ಹೊರುತ್ತಿದ್ದಳು.

ಅಮೀರ್ ಅಲಿಯವರನ್ನು ನಾನು ಮತ್ತೆ ಕಾಣಲಿಲ್ಲ. ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ಅವರ ಮನೆಯವರೆಲ್ಲ ಊರು ಬಿಟ್ಟರೆಂದು ಕೇಳಿದೆ. ಅಳತೆ ಮುಗಿದ ಆ ದಿನ ಸರಪಳಿ ಸುತ್ತುತ್ತ ನನ್ನನ್ನು ಹತ್ತಿರ ಕರೆದು, ಮೆಲ್ಲಗೆ ಕೇಳಿಕೊಂಡರು:

"ಗಂಡಸರು ತಾವಾಗಿ ಹೋಗಂಗಿಲ್ಲವ್ವಾ. ಹೊತ್ತು ಮುಣುಗೂದ್ರಾಗ ನೀ ಭಾಗಮ್ಮನ ಮನಿಗಿ ಹೋಗು. ನಾಳಿ ಕೊಡ ತಗೊಂಡು ಬಾ ಅಂತ ಹೇಳಿ ಬಾ."