ಹೀರಾಬಾಯಿಯ ಎರಡನೆಯ ಕಾಯಿಲೆ

ಹೀರಾಬಾಯಿಗೆ ಸಕ್ಕರೆ ಕಾಯಿಲೆ ಇರುವುದು ಜೋರಾಪುರ ಪೇಟೆಗೆಲ್ಲ ಗೊತ್ತಿತ್ತು. ಯಾರ ಮನೆಗೆ ಹೋದರೂ "ಹೀರಾಬಾಯಿ ಚಾಕ್ಕ ಸಕ್ಕರಿ ಹಾಕಬ್ಯಾಡ್ರಿ" ಎಂದು ಒಳಗೆ ಕೂಗಿ ಹೇಳುತ್ತಿದ್ದರು. ಎದುರು ಮನೆಯ ಸುರೈಯಾ ಮೆಂತ್ಯ ನೆನೆಸಿದ ನೀರು ಕುಡಿ ಎನ್ನುತ್ತಿದ್ದಳು, ಮತ್ತೊಬ್ಬರು ಹಾಗಲಕಾಯಿ ರಸ ಎನ್ನುತ್ತಿದ್ದರು. ಆ ಕಾಯಿಲೆಗೆ ಓಣಿಯ ತುಂಬ ನೆಂಟರು.

ಎರಡನೆಯ ಕಾಯಿಲೆ ಮಾತ್ರ ಅವಳೊಬ್ಬಳದೇ ಆಗಿತ್ತು.

ಅದು ಶುರುವಾದದ್ದು ಸಕ್ಕರೆ ಪತ್ತೆಯಾದ ವರ್ಷವೇ. ಆಗ ಅವಳಿಗೆ ನಲವತ್ತು ದಾಟಿತ್ತು; ಒಬ್ಬಳೇ ಮಗಳು ಮೃಣಾಲ ಮದುವೆಯಾಗಿ ಸೊಲ್ಲಾಪುರ ಸೇರಿದ್ದಳು. ಮೊದಲು ಕೆಳಗೆ ತುರಿಕೆ, ಬಿಳಿ ಹೋಗುವುದು. ಮುಲಾಮು ಹಚ್ಚಿದರೆ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಗೆ ತುರಿಕೆ ನಿಂತಿತು, ಉರಿ ಉಳಿಯಿತು. ಯೋನಿಯ ಬಾಯಿಯ ಸುತ್ತ ಹಸಿಮೆಣಸಿನಕಾಯಿ ಅರೆದ ಕೈ ತಾಗಿದಂಥ ಉರಿ. ಕೂತರೆ ಹೆಚ್ಚು. ಸೀರೆಯ ಒಳಲಂಗ ತಾಗಿದರೂ ಚುರುಕ್ ಎನ್ನುತ್ತಿತ್ತು.

ಗಂಡ ಬಸವರಾಜ ಪೇಟೆಯಲ್ಲಿ ಸ್ಟೀಲ್ ಪಾತ್ರೆಗಳ ಅಂಗಡಿ ಇಟ್ಟಿದ್ದ. ಹೆಚ್ಚು ಮಾತಿನವನಲ್ಲ. ಮೊದಮೊದಲು ಕೇಳಿದ.

"ಏನಾಗೇತಿ?"

"ಉರಿತೈತ್ರಿ."

"ಡಾಕ್ಟರಿಗೆ ತೋರ್ಸು ಮತ್ತ."

ತೋರಿಸಿದ್ದಳು. ಆದರೂ ಉರಿ ಹೋಗಲಿಲ್ಲ; ಅವನು ಹತ್ತಿರ ಬಂದಾಗಲೆಲ್ಲ ಅವನ ಕೈ ಸರಿಸುವಂತಾಗುತ್ತಿತ್ತು. ಅವನು ಮತ್ತೆ ಕೇಳಲಿಲ್ಲ, ಅವಳೂ ಬಿಡಿಸಿ ಹೇಳಲಿಲ್ಲ. ಒಂದು ಬೇಸಿಗೆಯಲ್ಲಿ ಅವನು, "ಒಳಗ ಸೆಕಿ ಭಾಳ" ಎಂದು ಹಾಸಿಗೆಯನ್ನು ಪಡಸಾಲೆಗೆ ಒಯ್ದ. ಚಳಿಗಾಲ ಬಂತು. ಹಾಸಿಗೆ ಒಳಗೆ ಬರಲಿಲ್ಲ. ಹೀರಾಬಾಯಿ ಕರೆಯಲೂ ಇಲ್ಲ.

"ಶುಗರ್ ಇಳಿಸ್ರಿ, ಇದೂ ಹೋಗ್ತೈತಿ" ಎಂದು ಡಾಕ್ಟರು ಹೇಳಿದ್ದರು. ಅದೊಂದನ್ನೇ ನಂಬಿ ಅವಳು ಅನ್ನ ಬಿಟ್ಟಳು, ಜೋಳದ ರೊಟ್ಟಿಯನ್ನೂ ಕಡಿಮೆ ಮಾಡಿದಳು, ಬೆಳಿಗ್ಗೆ ಕೋಟೆಗೋಡೆಯ ಗುಂಟ ನಡೆದಳು. ಸಕ್ಕರೆ ಇಳಿಯಿತು. ಡಾಕ್ಟರು ರಿಪೋರ್ಟು ನೋಡಿ "ಶಾಬ್ಬಾಸ್‌ರಿ" ಎಂದರು.

"ಆದ್ರ ಉರಿ ಹಂಗ ಐತ್ರಿ, ಸಾಹೇಬ್ರ."

"ಈ ವಯಸ್ಸಿನ್ಯಾಗ ಹಂಗ ಆಗ್ತೈತಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎನ್ನುತ್ತಲೇ ಅವರು ಮುಂದಿನವರನ್ನು ಕರೆದರು.

ಅವತ್ತು ಮನೆಗೆ ಬರುವಾಗ ಅವಳಿಗೆ ದಿಕ್ಕೇ ತೋಚಲಿಲ್ಲ. ಸಕ್ಕರೆ ಏರಿದ್ದಾಗ ನೋವಿಗೆ ಒಂದು ಕಾರಣವಾದರೂ ಇತ್ತು. ಈಗ ಅದೂ ಹೋಯಿತು.

ತಿಕೋಟಾದಲ್ಲಿ ಅವಳ ಅಣ್ಣನ ಮಗನ ಮದುವೆ ಬಂತು. ಬಸವರಾಜ ಬೈಕು ಹೊರಗೆ ತೆಗೆದು "ಬಾ, ಗಾಡಿ ಮ್ಯಾಲ ಹೋಗೋಣು" ಎಂದ.

"ನೀವ ಹೋಗ್ರಿ. ನಾ ಬಸ್ಸಿಗೆ ಬರ್ತೀನಿ."

ಅವನು ಒಂದು ಕ್ಷಣ ಅವಳನ್ನು ನೋಡಿದ. ಆಮೇಲೆ ಕಿಕ್ ಹೊಡೆದು ಹೋದ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಹೀರಾಬಾಯಿ ದಾರಿಯ ತೊರವಿ ದಾಟುವವರೆಗೂ, ಆಮೇಲೂ, ಕಂಬ ಹಿಡಿದು ನಿಂತಿದ್ದಳು. ಮದುವೆಮನೆಯಲ್ಲಿ ಹೆಂಗಸರ ಪಂಕ್ತಿ ಕೂತಾಗ ತಾನು ಬಡಿಸುತ್ತೇನೆ ಎಂದು ಹೋಳಿಗೆಯ ಬುಟ್ಟಿ ಎತ್ತಿಕೊಂಡಳು.

"ಗಂಡನ ಜೋಡಿ ಬರಲಿಲ್ಲ, ನಮ್ಮ ಜೋಡಿ ಉಣ್ಣಾಕೂ ಕುಂದ್ರವಲ್ಲಿ. ಶಹರದಾಕಿ ಆದಿ ಬಿಡವ್ವಾ" ಎಂದಳು ಸೋದರತ್ತೆ ಕಾಳವ್ವ.

ಎಲ್ಲರೂ ನಕ್ಕರು. ಹೀರಾಬಾಯಿಯೂ ನಕ್ಕಳು. ಆಮೇಲೆ ಹಿತ್ತಲ ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ತಣ್ಣೀರು ಹಾಕಿಕೊಂಡು ಬಹಳ ಹೊತ್ತು ಗೋಡೆಗೆ ಒರಗಿ ನಿಂತಳು. ಒಳಗೆ ಸೋಬಾನದ ಹಾಡು ಕೇಳಿಸುತ್ತಿತ್ತು.

ಮುಂದಿನ ಬಾರಿ ಸಕ್ಕರೆ ತೋರಿಸಲು ಹೋದಾಗ ಡಾಕ್ಟರು ಬದಲಾಗಿದ್ದರು. ಐಶ್ವರ್ಯ ಎಂಬ ಚಿಕ್ಕ ವಯಸ್ಸಿನ ಹುಡುಗಿ.

"ಕುಂದರ್ರಿ."

"ನಿಂತ ಇರ್ತೀನ್ರಿ."

"ಯಾಕ್ರಿ?"

ಯಾಕೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಹೀರಾಬಾಯಿ ನೆಲ ನೋಡುತ್ತ ಹೇಳಿದಳು. ಐಶ್ವರ್ಯ ಪರದೆ ಎಳೆದು ಪರೀಕ್ಷೆ ಮಾಡಿದಳು. ಹತ್ತಿ ಸುತ್ತಿದ ಕಡ್ಡಿಯಿಂದ ಹಗುರವಾಗಿ ಮುಟ್ಟುತ್ತ "ಇಲ್ಲಿ?" ಎಂದು ಕೇಳುತ್ತಿದ್ದಳು. ಒಂದು ಕಡೆ ಮುಟ್ಟಿದಾಗ ಹೀರಾಬಾಯಿ ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದಳು.

"ಗಾಯ ಇಲ್ರಿ, ಈಗ ಸೋಂಕೂ ಕಾಣ್ಸವಲ್ದು. ಆದ್ರ ನೋವು ಖರೇ ಐತಿ. ಅಲ್ಲಿ ನರ ಸೂಕ್ಷ್ಮ ಆಗ್ಯಾವ. ಇದಕ್ಕ ವಲ್ವೊಡೈನಿಯಾ ಅಂತಾರ. ಭಾಳ ಮಂದಿಗೆ ಇರ್ತೈತಿ, ಯಾರೂ ಹೇಳಂಗಿಲ್ಲ."

ಹೀರಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಐಶ್ವರ್ಯ ಕಾದಳು. ಆಮೇಲೆ ಅಲ್ಲಿ ಸೋಪು, ಔಷಧದ ನೀರು, ಹಳೆಯ ಮುಲಾಮು ಎಲ್ಲ ನಿಲ್ಲಿಸಲು ಹೇಳಿದಳು. ನರದ ನೋವಿಗೆ ಒಂದು ಸಣ್ಣ ಗುಳಿಗೆ ಬರೆದಳು. ಬಿಗಿದ ಸ್ನಾಯು ಸಡಿಲಿಸಲು ಉಸಿರಿನ ವ್ಯಾಯಾಮ ಕಲಿಸಿದಳು.

"ಪೂರಾ ಹೋಗ್ತೈತಿ ಅಂತ ಮಾತು ಕೊಡಂಗಿಲ್ರಿ. ಕಡಿಮಿ ಆಗಬಹುದು. ಮನಿಯವರಿಗೆ ಎಲ್ಲಾ ಬಿಚ್ಚಿ ಹೇಳೀರೇನು?"

ಹೀರಾಬಾಯಿ ತಲೆ ಅಲ್ಲಾಡಿಸಿದಳು, ಇಲ್ಲ ಎಂದು.

ಕೆಲವು ತಿಂಗಳಲ್ಲಿ ಉರಿ ಅರ್ಧಕ್ಕೆ ಇಳಿಯಿತು. ಒಂದು ಮಧ್ಯಾಹ್ನ ಅವಳು ಬುತ್ತಿ ಕೊಡುವ ನೆಪದಲ್ಲಿ ಅಂಗಡಿಗೆ ಹೋದಳು. ಗಿರಾಕಿಗಳಿರಲಿಲ್ಲ. ಬಸವರಾಜ ತಂಬಿಗೆಗಳನ್ನು ಒರೆಸಿ ಜೋಡಿಸುತ್ತಿದ್ದ. ಅವಳು ಎಲ್ಲವನ್ನೂ ಹೇಳಿದಳು. ಅವನ ಮುಖ ನೋಡಲಾಗದೆ ತಂಬಿಗೆಗಳ ಕಡೆ ನೋಡುತ್ತಲೇ ಹೇಳಿದಳು.

"ಅವತ್ತ ಗಾಡಿ ಮ್ಯಾಲ ಬರಲಿಲ್ಲಲ್ಲ, ಅದಕ್ಕರಿ. ಕುಂದ್ರಾಕ ಆಗತಿರಲಿಲ್ಲ."

ಅವನ ಕೈಯ ಬಟ್ಟೆ ನಿಂತಿತು.

"ನಿನಗ ನಾ ಬ್ಯಾಡಾಗೇನಿ ಅಂತ ತಿಳಕೊಂಡಿದ್ದೆ."

"ನೀವೂ ಮತ್ತ ಕೇಳಲಿಲ್ಲ."

"ಹೆಂಗ ಕೇಳಲಿ? ನಾಚಿಕಿ ಬಂತು."

ಅಷ್ಟರಲ್ಲಿ ಕನಮಡಿ ಕಡೆಯವರು ಯಾರೋ ಕೊಡ ಕೇಳುತ್ತ ಬಂದರು. ಬಸವರಾಜ ಎದ್ದು ಕೊಡಗಳನ್ನು ಇಳಿಸತೊಡಗಿದ. ಹೀರಾಬಾಯಿ ಬುತ್ತಿ ಇಟ್ಟು ಮನೆಗೆ ಬಂದಳು.

ಅಂದು ಸಂಜೆ ಅವನು ಹತ್ತಿಯ ಮೆತ್ತನೆ ದಿಂಬೊಂದನ್ನು ತಂದು ಅವಳ ಕುರ್ಚಿಯ ಮೇಲೆ ಇಟ್ಟ. ಕೆಲವು ದಿನಗಳ ನಂತರ, ಊಟ ಮಾಡುತ್ತ, "ಹಾಸಿಗಿ ಒಳಗ ತರ್ಲೇನು?" ಎಂದು ಕೇಳಿದ.

"ನನಗಿನ್ನೂ ಅಂಜಿಕಿ ಐತ್ರಿ."

"ಆತು" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಆದರೆ ಮತ್ತೆ ಕೇಳಲೂ ಇಲ್ಲ. ಇಬ್ಬರಿಗೂ ಬೇರೆ ಬೇರೆ ಮಲಗುವುದು ರೂಢಿಯಾಗಿಬಿಟ್ಟಿತ್ತು. ಕಾರಣ ತಿಳಿದ ಮಾತ್ರಕ್ಕೆ ಅದು ಹೋಗಲಿಲ್ಲ. ಈಗ ಕೆಲವು ದಿನ ಅವಳು ನೋವನ್ನು ಮರೆತೇಬಿಡುತ್ತಾಳೆ, ಕೆಲವು ದಿನ ನಿಂತುಕೊಂಡೇ ಸಂಜೆ ಮಾಡುತ್ತಾಳೆ.

ಮೃಣಾಲ ಭಾನುವಾರ ಫೋನ್ ಮಾಡುತ್ತಾಳೆ.

"ಅವ್ವಾ, ಶುಗರ್ ಎಷ್ಟೈತಿ?"

ಹೀರಾಬಾಯಿ ಹೇಳುತ್ತಾಳೆ. ಮಗಳಿಗೆ ಖುಷಿಯಾಗುತ್ತದೆ.

"ಮತ್ತ? ಆರಾಮ ಅದಿಯಲ್ಲ?"

ಮೊನ್ನೆ ಹೀರಾಬಾಯಿ ಉತ್ತರ ಕೊಡುವುದಕ್ಕೆ ತಡಮಾಡಿದಳು. ಬಾಯಿ ತೆರೆದೂ ಇದ್ದಳು. ಆ ಕಡೆ ಕುಕ್ಕರ್ ಸೀಟಿ ಹೊಡೆಯಿತು. "ತಡಿ ಅವ್ವಾ, ಆಮ್ಯಾಲ ಮಾಡ್ತೀನಿ" ಎಂದು ಮೃಣಾಲ ಫೋನಿಟ್ಟಳು.