ಮೈನಸ್ ಎರಡು ಚೀಲ ಪೊಟ್ಯಾಷ್

ಕಂಪ್ಲಿಯ ಗೊಬ್ಬರದ ಶೆಡ್ಡಿನಲ್ಲಿ ಗವಿಸಿದ್ದಪ್ಪನ ಸಲಿಕೆಗೆ ಇಪ್ಪತ್ತೈದು ವರ್ಷದ ಮರ್ಯಾದೆಯಿತ್ತು. ಕಾಲುವೆಗೆ ನೀರು ಬಿಟ್ಟರೆ ಸಾಕು, ಯೂರಿಯಾ, ಕಾಂಪ್ಲೆಕ್ಸು, ಪೊಟ್ಯಾಷು ಸುರಿದು ಕಣ್ಣಂದಾಜಿನಲ್ಲೇ ಕಲಸುವವನು. ಕೊನೆಗೊಂದಿಷ್ಟು ಕೆಂಪು ಪೊಟ್ಯಾಷ್ ಎರಚುವುದು ಅವನ ವಾಡಿಕೆ. ಚೀಲ ಬಿಚ್ಚಿದಾಗ ಕೆಂಪು ಹರಳು ಕಾಣದಿದ್ದರೆ ಭತ್ತದ ರೈತ ಮೂಗು ಮುರಿಯುತ್ತಾನೆ. ಗೊಬ್ಬರ ತಿನ್ನುವುದು ಪೈರಾದರೂ ಒಪ್ಪಬೇಕಾದ್ದು ಗಿರಾಕಿ ತಾನೆ!

೧೯೯೩ರಲ್ಲಿ ಶೆಡ್ಡಿನ ಸಾವ್ಕಾರರು ಕಂಪ್ಯೂಟರ್ ತಂದರು. ಅದರ ಹಿಂದೆಯೇ ಹೊಸಪೇಟೆಯಲ್ಲಿ ಕೋರ್ಸು ಮುಗಿಸಿದ ಶಾಂತಕ್ಕ ಕೆಲಸಕ್ಕೆ ಬಂದಳು. ಯಾವ ರಾಶಿಯಿಂದ ಎಷ್ಟು ಚೀಲ ಎಂಬುದೇ ಕಂಡುಹಿಡಿಯಬೇಕಾದ ಮೂರು ಸಂಖ್ಯೆ. ಸಾರಜನಕಕ್ಕೊಂದು, ರಂಜಕಕ್ಕೊಂದು, ಪೊಟ್ಯಾಷಿಗೊಂದು ಸಮೀಕರಣ. ಅವಳು ಅಂಕಿ ತುಂಬಿದರೆ ಪ್ರೋಗ್ರಾಮು ಮೂರನ್ನೂ ಒಟ್ಟಿಗೆ ಬಿಡಿಸಿ ಚೀಟಿ ಕೊಡುತ್ತಿತ್ತು. ಗವಿಸಿದ್ದಪ್ಪ ಚೀಟಿಯನ್ನು ಕಿವಿಗೆ ಸಿಕ್ಕಿಸಿಕೊಂಡು ತನ್ನ ಪಾಡಿಗೆ ಕಲಸುತ್ತಿದ್ದ.

ಒಂದು ಬೆಳಿಗ್ಗೆ, ಪೊಟ್ಯಾಷ್ ಕಡಿಮೆಯಿರುವ ಹೊಸ ಮಿಶ್ರಣಕ್ಕೆ ಚೀಟಿ ಬಂತು: ಯೂರಿಯಾ ನಾಲ್ಕು, ಕಾಂಪ್ಲೆಕ್ಸ್ ಹತ್ತು, ಪೊಟ್ಯಾಷ್ ಮೈನಸ್ ಎರಡು.

"ಏನವ್ವಾ, ಇಲ್ಲದ ಎರಡು ಚೀಲ ಎಲ್ಲಿಂದ ತೆಗೀಲಿ? ನಿನ್ನ ಪೆಟ್ಟಿಗಿಗೆ ಜ್ವರ ಬಂದೈತೇನು?" ಎಂದ ಗವಿಸಿದ್ದಪ್ಪ. ಹಮಾಲರು ಗೊಳ್ಳೆಂದರು.

ಶಾಂತಕ್ಕ ನಗಲಿಲ್ಲ. "ಹಂಗಲ್ಲರಿ ಅಣ್ಣಾ. ಕಾಂಪ್ಲೆಕ್ಸಿನಾಗ ಪೊಟ್ಯಾಷ್ ಮೊದಲೇ ಭಾಳ ಐತಿ. ಈ ಮೂರು ರಾಶಿಯಿಂದ ಈ ಮಿಶ್ರಣ ಆಗಲ್ಲ ಅಂತ ಅದರ ಅರ್ಥ. ಕಾಂಪ್ಲೆಕ್ಸ್ ಬ್ಯಾಡ, ಪೊಟ್ಯಾಷ್ ಇಲ್ಲದ ಡಿಎಪಿ ತರಿಸಾನ್ರಿ. ಎರಡು ದಿನ ತಡೀರಿ."

"ನಾಟಿ ಆಳು ತಡೀತಾರೇನವ್ವಾ?"

ನಾಲ್ಕು, ಹತ್ತು ಸುರಿಸಿದ. ರಾಶಿ ಪೇಲವವಾಗಿ ಕಂಡಿತು. ಕೈ ಸುಮ್ಮನಿರಲಿಲ್ಲ, ಒಂದು ಚೀಲ ಕೆಂಪು ಪೊಟ್ಯಾಷ್ ರಾಶಿಯ ಮೇಲೆ ಬಿತ್ತು.

ಕೃಷಿ ಇಲಾಖೆಯ ಅಧಿಕಾರಿಗಳು ಒಯ್ದ ಸ್ಯಾಂಪಲ್ ಹದಿನೈದು ದಿನಕ್ಕೆ ಫೇಲಾಯಿತು. ಚೀಲದ ಮೇಲಿನ ಅಂಕಿಯೇ ಬೇರೆ, ಒಳಗಿನ ಗೊಬ್ಬರವೇ ಬೇರೆ. ಲೆಕ್ಕವೇ ತಪ್ಪೆಂದು ಸಾವ್ಕಾರರು ಶಾಂತಕ್ಕನ ಮೇಲೆ ಹರಿಹಾಯ್ದರು. ಅವಳು ಅಂದದ್ದಿಷ್ಟೆ: "ಅಣ್ಣಾರನ್ನ ಕೇಳ್ರಿ, ಅವರಿಗೆ ಎಲ್ಲಾ ಗೊತ್ತೈತಿ."

"ಗವಿಸಿದ್ದಪ್ಪಾ, ಚೀಟಿ ಪ್ರಕಾರನ ಕಲಸಿದೇನು?"

ಹಮಾಲರೆಲ್ಲ ಅವನನ್ನೇ ನೋಡುತ್ತಿದ್ದರು. "ಹೂನ್ರಿ, ಚೀಟಿ ಪ್ರಕಾರನ" ಎಂದುಬಿಟ್ಟ.

ಅವತ್ತೇ ಶಾಂತಕ್ಕನ ಕೆಲಸ ಹೋಯಿತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲು ಅವಳು ತುಸು ಹೊತ್ತು ತೆಗೆದುಕೊಂಡಳು.

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹೊಲಿಗೆ ಮಷಿನ್ ಮುಂದೆ ಕೂತಿದ್ದ ಅವಳನ್ನು ಹುಡುಕಿಕೊಂಡು ಅವನು ಹೋಗುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ಸಾವ್ಕಾರರೂ ತೀರಿಕೊಂಡಿದ್ದರು.

"ತಪ್ಪು ನಂದವ್ವಾ."

"ಗೊತ್ತೈತ್ರಿ ಅಣ್ಣಾ. ಬಾಗಿಲು ದಾಟೂತನಕ ದಾರಿ ನೋಡಿದೆ, ಈಗ ಹೇಳ್ತೀರಿ, ಈಗ ಹೇಳ್ತೀರಿ ಅಂತ." ದಾರ ಕಡಿದಳು. "ಕುಂದ್ರಿ, ಚಾ ಮಾಡ್ತೀನಿ."

ಗವಿಸಿದ್ದಪ್ಪ ಕೂತ. ಬೈದಿದ್ದರೆ ಎದ್ದು ಬರಬಹುದಿತ್ತು.